ಬೀಗರ ಹಾಳೆಗೆ ಬಿದ್ದ ಗುಂಡು

ಶಿಕಾರಿಪುರದ ಜವಳಿ ವ್ಯಾಪಾರಿ ರೇಣುಕಾಪ್ರಸಾದರ ದುಃಖವೆಲ್ಲ ಅವರ ಬೀಗರ ಸೊಂಟದಲ್ಲಿತ್ತು. ಮಗಳು ಗಂಗಾಶ್ರೀಯ ಮಾವ, ಸೊರಬದ ಅಡಿಕೆ ಮಂಡಿಯ ಚಂದ್ರಶೇಖರಪ್ಪನವರು, ಯಾವ ಮದುವೆಗೆ ಬಂದರೂ ಸೊಂಟಕ್ಕೆ ರಿವಾಲ್ವರ್ ಕಟ್ಟಿಕೊಂಡೇ ಬರುತ್ತಿದ್ದರು. ಬಡಿಸುವವರು ಅವರ ಹೋಳಿಗೆಗೆ ಕೇಳದೆಯೇ ಮತ್ತೆ ಮತ್ತೆ ತುಪ್ಪ ಸುರಿಯುತ್ತಿದ್ದರು. ಪಕ್ಕದಲ್ಲಿ ಕೂತ ರೇಣುಕಾಪ್ರಸಾದರಿಗೆ ಸಾರು ಬಂದರೆ ಅದೇ ಪುಣ್ಯ.

ಕೊನೆಗೆ ಇವರೂ ಕಚೇರಿಗಳ ಮೆಟ್ಟಿಲು ಸವೆಸಿ, ಲೈಸೆನ್ಸು ಮಾಡಿಸಿ, ಅಂಗೈಯಲ್ಲಿ ಅಡಗುವಂಥ ಪುಟ್ಟ ರಿವಾಲ್ವರ್ ತಂದರು.

"ಇದೇನ್ರೀ, ಅಡಕತ್ತರಿಗಿಂತ ಹಗುರ ಐತಿ," ಎಂದಳು ಹೆಂಡತಿ ಜಗದಾಂಬ, ಸತ್ತ ಇಲಿಯನ್ನು ಎತ್ತುವಂತೆ ಎರಡು ಬೆರಳಲ್ಲಿ ಅದನ್ನು ಎತ್ತಿ.

"ಹಗುರ ಇರೋದೇ ಅದರ ಹೆಚ್ಚುಗಾರಿಕೆ. ನಿನಗೆ ಆಯುಧಶಾಸ್ತ್ರ ತಿಳಿಯಂಗಿಲ್ಲ."

"ತಿಳೀದಿದ್ರೆ ಬಿಡ್ರಿ. ಅಕ್ಕಿ ಡಬ್ಬಿ ಹತ್ರ ಮಾತ್ರ ಇಡಬ್ಯಾಡ್ರಿ."

ಅಂದಿನಿಂದ ರೇಣುಕಾಪ್ರಸಾದರು ಅರ್ಧ ಅಂಗಡಿಯಲ್ಲಿ, ಅರ್ಧ ಬೇರೆಲ್ಲೋ ಇರತೊಡಗಿದರು. ರವಿಕೆ ಕಣ ಕೇಳಿದವಳಿಗೆ ಡೇರೆ ಹೊಲಿಯುವಷ್ಟು ಬಟ್ಟೆ ಕತ್ತರಿಸಿದರು. ಕಣ್ಣು ತೆರೆದೇ ಕನಸು. ಬೆಳ್ಳನೆಯ ಮಂಜಿನೊಳಗೆ ತಾವು ನಡೆದು ಹೋಗುತ್ತಾರೆ, ಎದುರಿಗೆ ದರೋಡೆಕೋರರು. ಇವರು ಸುಮ್ಮನೆ ಸೊಂಟ ಮುಟ್ಟಿಕೊಂಡರೆ ಸಾಕು, ಅವರೆಲ್ಲ ಸಾಲಾಗಿ ಕೈಮುಗಿಯುತ್ತಾರೆ. ದೂರದಲ್ಲೆಲ್ಲೋ ತುಪ್ಪದ ಪರಿಮಳ.

ಹೀಗಿರುವಾಗ ಲೈಸೆನ್ಸುದಾರರಿಗೆಂದು ಪೊಲೀಸರು ಅಂಜನಾಪುರದ ಕೆರೆಯ ಪಕ್ಕದ ಗುಡ್ಡದ ಬುಡದಲ್ಲಿ ಗುರಿ ಅಭ್ಯಾಸ ಇಟ್ಟರು. ಗೆದ್ದವರಿಗೆ ಒಂದು ಕಪ್ಪು (ಹೆಸರಷ್ಟೇ ಕಪ್ಪು, ಬಣ್ಣ ಬೆಳ್ಳಗಿತ್ತು). ಎರಡೂ ಮನೆಯವರು ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದರು.

ಚಳಿಗಾಲದ ಬೆಳಗು. ನೀರಿನ ಮೇಲಿನ ಮಂಜು ಏಳಲೋ ಬೇಡವೋ ಎಂಬಂತೆ ಮಲಗಿತ್ತು. ಗುಡ್ಡಕ್ಕೆ ಒರಗಿಸಿದ ಹಲಗೆಗಳಲ್ಲಿ ಗುರಿಯ ಹಾಳೆಗಳು. ಎಡತುದಿಯಲ್ಲಿ ರೇಣುಕಾಪ್ರಸಾದರು, ನಡುವೆ ಬೀಗರು. ಬಲಕ್ಕೆ, ತೀರಿಹೋದ ಗಂಡನ ರಿವಾಲ್ವರನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ ಜಮೀನುದಾರಿಣಿ, ಮುದುಕಿ ಬಸವಣ್ಣೆಮ್ಮ.

"ಹಗುರದ್ದು ಜಾಸ್ತಿ ಒದೀತದೆ, ಗಟ್ಟಿ ಹಿಡೀರಿ," ಎಂದ ಹವಾಲ್ದಾರ್ ಬೆನಕಪ್ಪ. "ಅವರವರ ಹಾಳೆಗೆ ಅವರವರೇ ಹೊಡೀಬೇಕು."

ಮೊದಲ ಗುಂಡಿಗೇ ಆ ಪುಟ್ಟ ಜೀವ ಕೈಯೊಳಗಿನ ಮೀನಿನಂತೆ ನೆಗೆಯಿತು. ಕಿವಿಯಲ್ಲಿ ಗುಂಯ್ ಎಂದಿತು. ಆಮೇಲೆ ಲೋಕದ ಸದ್ದೆಲ್ಲ ಹತ್ತಿಯೊಳಗೆ ಹುದುಗಿಹೋಯಿತು. ಆ ಮೌನ ಅವರಿಗೆ ಬಹಳ ಹಿತವೆನಿಸಿತು. ಕಣ್ಣು ಮುಚ್ಚಿಕೊಂಡರು. ಮಂಜು, ನೀರು, ತಾವು. ಪ್ರತಿ ಗುಂಡೂ ಹೂವಿನ ನಡುವಿಗೆ ದುಂಬಿ ಹೋಗುವಂತೆ ಹೋಯಿತೆಂದು ಅವರ ಅಂತರಾತ್ಮ ಹೇಳಿತು.

ಹತ್ತಿರ ಹೋಗಿ ನೋಡಿದರೆ ಅವರ ಹಾಳೆ ಈಗಷ್ಟೇ ಮಡಿಕೆ ಬಿಚ್ಚಿದ ಪಂಚೆಯಂತೆ ಶುಭ್ರವಾಗಿತ್ತು. ಬೀಗರ ಹಾಳೆಯ ನಡುಚುಕ್ಕೆ ಮಾತ್ರ ಜರಡಿಯಾಗಿತ್ತು. ಕಪ್ಪು ಚಂದ್ರಶೇಖರಪ್ಪನವರ ಪಾಲಾಯಿತು.

"ನೋಡಿ ಕಲೀರಿ," ಎಂದಳು ಜಗದಾಂಬ.

ರೇಣುಕಾಪ್ರಸಾದರು ತಮ್ಮ ಹಾಳೆಯನ್ನು ತಿರುವಿ ಹಿಂಬದಿಯನ್ನೂ ನೋಡಿದರು. ಆಗ ಬೀಗರೇ ಅವರನ್ನು ನೀರಿನ ಅಂಚಿಗೆ ಕರೆದೊಯ್ದು ತಗ್ಗಿದ ದನಿಯಲ್ಲಿ, "ಬೀಗರೇ, ನಂದು ಹಳೇ ಗುಂಡು ಮಾರಾಯ್ರೆ. ತಂಡಿ ಹಿಡಿದು ಒಂದೂ ಹಾರ್ಲಿಲ್ಲ. ಆ ತೂತೆಲ್ಲ ನಿಮ್ದೇ ಅಲ್ದಾ?" ಎಂದರು.

ರೇಣುಕಾಪ್ರಸಾದರ ಎದೆಯೊಳಗೆ ಸೂರ್ಯ ಹುಟ್ಟಿದ. "ಇರಲಿ ಬಿಡ್ರಿ. ಸಂಬಂಧಕ್ಕಿಂತ ಕಪ್ಪು ದೊಡ್ಡದೇನ್ರಿ?"

ಆ ಔದಾರ್ಯಕ್ಕೆ ಚಂದ್ರಶೇಖರಪ್ಪನವರ ಕಣ್ಣು ಒದ್ದೆಯಾಯಿತು. ಅವರು ಊಟಕ್ಕೆ ಕೂತವರ ನಡುವೆ ಎದ್ದು ನಿಂತು, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಕಪ್ಪನ್ನು ಬೀಗರ ಕೈಗಿತ್ತರು. ಗಂಗಾಶ್ರೀ ಚಪ್ಪಾಳೆ ತಟ್ಟಿದಳು. ಜಗದಾಂಬ ಮಾತ್ರ ರೊಟ್ಟಿ ಮುರಿಯುತ್ತ ಕೂತಿದ್ದಳು (ಹೊಟ್ಟೆಕಿಚ್ಚು ಎಂದುಕೊಂಡರು ಅವಳ ಗಂಡ). ರೇಣುಕಾಪ್ರಸಾದರು ಕಪ್ಪನ್ನು ಎದೆಗೊತ್ತಿ ಭಾಷಣ ಶುರುಮಾಡಿದರು. "ಬಂಧುಗಳೇ, ಗುರಿ ಅನ್ನೋದು ಕಣ್ಣಾಗ ಇರಂಗಿಲ್ಲ, ಮನಸ್ಸಿನಾಗ ಇರತೈತಿ..."

"ಹವಾಲ್ದಾರ್ರೇ," ಎಂದು ಬಸವಣ್ಣೆಮ್ಮ ಕೋಲೂರಿಕೊಂಡು ಬಂದಳು. "ನನ್ನ ಹಾಳೆ ತುದೀದಾ, ನಡುವಿಂದಾ? ಕನ್ನಡಕ ಮನೇಲೇ ಬಿಟ್ಟು ಬಂದಿದ್ದೆ. ನಡುವಿಂದಕ್ಕೇ ಎಲ್ಲಾ ಹೊಡೆದುಬಿಟ್ಟೆ ಕಾಣ್ತದೆ."

ಬೆನಕಪ್ಪ ಹೋಗಿ ನೋಡಿ ಬಂದ. ಬಲತುದಿಯ ಹಾಳೆಯೂ ಬೆಳ್ಳಗಿತ್ತು. ತೂತುಗಳು ಮುದುಕಿಯ ದೊಡ್ಡ ಗುಂಡಿನ ಅಳತೆಗೆ ಸರಿಯಾಗಿದ್ದವು.

ರೇಣುಕಾಪ್ರಸಾದರು ಕಪ್ಪನ್ನು ಎದೆಯಿಂದ ಇಳಿಸಿದರು. "ಹಂಗಾದ್ರೆ... ನನ್ನವು?"

"ನಿಮ್ಮವು ಎಲ್ಲೂ ಹೋಗಿಲ್ಲ," ಎಂದಳು ಜಗದಾಂಬ ಶಾಂತವಾಗಿ. "ನೀವು ನಿಂತಿದ್ರಲ್ಲ, ಅದರ ಮುಂದಿನ ಮಣ್ಣಾಗೇ ಅದಾವು. ನೀವು ಕಣ್ಣು ಮುಚ್ಚಿದಾಗೆಲ್ಲ ನಾ ಕಣ್ಣು ಬಿಟ್ಕೊಂಡು ನೋಡ್ತಿದ್ದೆ. ಹೇಳಿದ್ರೆ ಬೀಗರ ಮುಂದೆ ನಿಮಗೆ ಅವಮಾನ ಅಂತ ಸುಮ್ನಿದ್ದೆ."

ರೇಣುಕಾಪ್ರಸಾದರು ತಲೆ ಬಗ್ಗಿಸಿದರು. ಹೊಸ ಬಿಳಿ ಪಂಚೆಯ ಮೇಲೆ ಪಾದದಿಂದ ಮೊಣಕಾಲಿನವರೆಗೆ ಕೆಂಪು ಮಣ್ಣು ಹೋಳಿಯಾಡಿತ್ತು.

"ಕಪ್ಪು ಆಯಮ್ಮಗೆ ಕೊಡ್ರಿ," ಎಂದಳು ಜಗದಾಂಬ. "ಹಂಗೇ ಆ ಕಡೆ ಹೋಗಿ ಪಂಚೆ ಝಾಡಿಸ್ಕೊಂಡು ಬರ್ರಿ. ಬುತ್ತಿಗೆ ಮಣ್ಣು ಬೀಳ್ತೈತಿ."