ನಾಲ್ಕನೆಯ ಅನಿರೀಕ್ಷಿತ

ಒಳಚರಂಡಿ ವಿಭಾಗದ ಕಿರಿಯ ಎಂಜಿನಿಯರ್‌ಗೆ ಕೂದಲು ನೆರೆತು ವರ್ಷಗಳಾಗಿದ್ದವು. ಹುದ್ದೆ ಮಾತ್ರ ಇನ್ನೂ ಕಿರಿಯದೇ. ಆ ಬೆಳಿಗ್ಗೆ ಅವನು ಬೀದಿಯುದ್ದಕ್ಕೂ ಅಗೆದ ಗುಂಡಿಯ ಅಂಚಿಗೆ ಬಂದು ನಿಲ್ಲುವಷ್ಟರಲ್ಲಿ ಮೊಬೈಲಿಗೆ ಆದೇಶ ಬಂತು: ‘ಕಾಮಗಾರಿಯಲ್ಲಿ ಮುಂದೆ ಬರಲಿರುವ ಅನಿರೀಕ್ಷಿತ ವೆಚ್ಚಗಳ ಪಟ್ಟಿಯನ್ನು ಇಂದೇ ಕಳುಹಿಸತಕ್ಕದ್ದು. ಪಟ್ಟಿಯಲ್ಲಿಲ್ಲದ ಅನಿರೀಕ್ಷಿತಕ್ಕೆ ಹಣ ಮಂಜೂರಾಗದು.’

ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿದ. ಅಷ್ಟರಲ್ಲಿ ಗುಂಡಿಯೊಳಗೆ ‘ಠಣ್’ ಎಂದಿತು.

“ಸಾರ್, ಪೈಪ್ ಒಡೀತು!” ಮೇಸ್ತ್ರಿ ಕೂಗಿದ.

“ಯಾವ ಪೈಪಯ್ಯಾ? ನಕ್ಷೇಲಿ ಇಲ್ಲಿ ಪೈಪೇ ಇಲ್ವಲ್ಲ!”

“ಪೈಪು ನಕ್ಷೆ ನೋಡಿಲ್ಲ ಅನ್ಸುತ್ತೆ ಸಾರ್.”

ಯಾವ ಕಾಲದ್ದೋ ನೀರಿನ ಪೈಪು, ಅಷ್ಟೂ ವರ್ಷ ನುಂಗಿಕೊಂಡಿದ್ದ ಸಿಟ್ಟನ್ನು ಒಂದೇ ಸಲಕ್ಕೆ ಕಾರಿಕೊಂಡಿತು. ವಾಲ್ವ್ ಮುಚ್ಚಿಸುವ ಹೊತ್ತಿಗೆ ಕೆಸರುನೀರು ಅಂಚಿನವರೆಗೂ ತುಂಬಿ, ಗುಂಡಿಯು ಆ ಬೀದಿಯಲ್ಲೇ ಅತ್ಯಂತ ನುಣುಪಾದ ರಸ್ತೆಯಂತೆ ಕಾಣತೊಡಗಿತು.

ಈಗ ಪಂಪು ಬಾಡಿಗೆಗೆ ತರಬೇಕು. ಹಿಂದೊಮ್ಮೆ ಹಗ್ಗಕ್ಕೆಂದು ಕೈಯಿಂದ ಹಾಕಿದ ದುಡ್ಡೇ ಇನ್ನೂ ಬಂದಿರಲಿಲ್ಲ. “ಇನ್ನೊಂದ್ಸಲ ಊರ ಚರಂಡಿಗೆ ಮನೆ ದುಡ್ಡು ಸುರಿದ್ರೆ, ಊಟಾನೂ ಅಲ್ಲೇ ಮುಗಿಸ್ಕೊಂಡು ಬನ್ನಿ” ಎಂದು ಹೆಂಡತಿ ಅಂದೇ ತೀರ್ಪು ಕೊಟ್ಟಿದ್ದಳು. ಲೆಕ್ಕಪತ್ರದ ಸೂಪರಿಂಟೆಂಡೆಂಟರಿಗೆ ಫೋನ್ ಮಾಡಿದ.

“ಪೈಪು ಒಡೆಯೋದು ಪಟ್ಟೀಲಿ ಇತ್ತೇನ್ರೀ?”

“ಒಡೆದ ಮೇಲೆ ತಾನೇ ಸಾರ್ ಗೊತ್ತಾಗಿದ್ದು! ಅನಿರೀಕ್ಷಿತ ಅಂದ್ರೇನೇ...”

“ಹೇಳದೆ ಕೇಳದೆ ಬರೋ ಅನಿರೀಕ್ಷಿತಕ್ಕೆಲ್ಲ ನಾವು ಹೊಣೆಯಲ್ಲ. ಮೊದಲು ಪಟ್ಟಿ ಕಳ್ಸಿ.”

ಎಂಜಿನಿಯರ್ ಕುಕ್ಕರಿನಂತೆ ಸಿಳ್ಳೆ ಹೊಡೆಯುವುದೊಂದು ಬಾಕಿ. “ಗುಂಡಿ ಸುತ್ತ ಬೇಲಿಗೆ ದುಡ್ಡು ಕೇಳಿದ್ರೆ ‘ಅನಗತ್ಯ’ ಅಂತ ಹೊಡೆದು ಹಾಕಿದ್ರು. ಈಗ ಭವಿಷ್ಯ ಹೇಳ್ಬೇಕಂತೆ! ನಾನೇನು ಗಿಣಿಶಾಸ್ತ್ರದವನಾ?”

“ಸಿಟ್ಟು ಯಾಕೆ? ನಾನು ಹೇಳ್ತೀನಿ, ಬರ್ಕೊಳ್ಳಿ,” ಎಂದರು ಗೇಟಿಗೆ ಒರಗಿದ್ದ ನಿವೃತ್ತ ಮೇಷ್ಟ್ರು. “ಒಂದು, ಪೈಪು ಒಡೆಯುವುದು. ಎರಡು, ಭೂಕಂಪ.”

“ಮೂರು, ನನ್ನ ಅಂಗಡಿಗೆ ಗಿರಾಕಿ ಬರೋದು,” ಎಂದ ಎದುರಿನ ದರ್ಜಿ. “ನೀವು ಅಗೆದ ಮೇಲೆ ಅದಕ್ಕಿಂತ ಅನಿರೀಕ್ಷಿತ ಇನ್ನೊಂದಿಲ್ಲ.”

“ನಿಮ್ಮ ಸಾಹೇಬ್ರು ಈ ಕಡೆ ತಲೆ ಹಾಕೋದು?” ಎಂದಳು ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದಾಕೆ.

“ಬರೀ ತಲೆ ಯಾಕಮ್ಮ, ಕಾರು ಸಮೇತ ಬಂದು ಬೀಳ್ಲಿ!” ಎಂದು ಎಂಜಿನಿಯರ್ ಹಲ್ಲು ಕಡಿದು ಅದನ್ನೂ ಬರೆದ: ‘ನಾಲ್ಕು, ಸಾಹೇಬರ ಕಾರು ಗುಂಡಿಗೆ ಬೀಳುವುದು.’ ಅದೇ ಆವೇಶದಲ್ಲಿ ಫೋಟೊ ಹೊಡೆದು ಕಳಿಸಿಯೂಬಿಟ್ಟ.

ಮರುಕ್ಷಣವೇ ಎಚ್ಚೆತ್ತು ಅದನ್ನು ಅಳಿಸಲು ಹೊರಟ. ಫೋನ್ ಬಂತು.

“ಭೇಷ್ ಕಣ್ರೀ!” ಎಂದರು ಸೂಪರಿಂಟೆಂಡೆಂಟ್. “ಹೇಳಿದ ದಿನವೇ ಪಟ್ಟಿ ಕಳಿಸಿದವ್ರು ನೀವೊಬ್ರೇ. ಪೂರ್ತಿ ಓದೋಕೆ ಪುರುಸೊತ್ತಿಲ್ಲ, ಮೊದಲನೇದು ಮಂಜೂರು. ಸಾಹೇಬ್ರು ಖುಷಿಯಾಗಿ ನಿಮ್ಮನ್ನೇ ನೋಡೋಕೆ ಹೊರಟ್ರು.”

ಬೀದಿಯ ತಿರುವಿನಲ್ಲಿ ಆಗಲೇ ಕಾರು ಕಾಣಿಸಿತು. ಎಂಜಿನಿಯರ್ ಎರಡೂ ಕೈ ಬೀಸುತ್ತ ಓಡಿದ. ಮೇಷ್ಟ್ರು ಕೊಡೆ ಬೀಸಿದರು, ದರ್ಜಿ ಅರ್ಧ ಹೊಲಿದ ಅಂಗಿ ಬೀಸಿದ, ಮಹಡಿಯಾಕೆ ಹಾಸಿಗೆಯ ಹೊದಿಕೆಯನ್ನೇ ಬೀಸಿದಳು. ಇಂಥ ಸ್ವಾಗತವನ್ನು ಸಾಹೇಬರು ಎಲ್ಲೂ ಕಂಡವರಲ್ಲ. ಅವರೂ ಗದ್ಗದಿತರಾಗಿ ಕಿಟಕಿಯಿಂದ ಕೈ ಬೀಸುತ್ತಿರಲು, ಕಾರು ಆ ನುಣುಪಾದ ರಸ್ತೆಗೆ ತಿರುಗಿ, ನೀರು ಕುಡಿಯಲು ಬಗ್ಗಿದ ಎಮ್ಮೆಯಂತೆ ಮೂತಿ ಮುಳುಗಿಸಿತು.

ಸಾಹೇಬರನ್ನು ಎತ್ತಿ ನಿಲ್ಲಿಸಿದರು. ಮೀಸೆಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. “ಕ್ರೇನ್ ತರಿಸ್ರೀ! ಖರ್ಚು ಯಾವುದರಲ್ಲಿ ಹಾಕ್ತೀರಿ?”

“ನಾಲ್ಕನೇ ಐಟಂ ಸಾರ್,” ಎಂಜಿನಿಯರ್ ಬಾಯಿ ಜಾರಿತು.

ಸಾಹೇಬರು ಪಟ್ಟಿ ತರಿಸಿಕೊಂಡು ಓದಿದರು. “ಓಹೋ. ಬೀಳ್ತೀನಿ ಅಂತ ನಿಮಗೆ ಮೊದಲೇ ಗೊತ್ತಿತ್ತು!”

“ಅದು... ಅನಿರೀಕ್ಷಿತ ಸಾರ್.”

“ಬರೆದು ಕಳಿಸಿದ್ಮೇಲೆ ಅದೆಂಥ ಅನಿರೀಕ್ಷಿತ? ಗೊತ್ತಿದ್ದೂ ತಡೀಲಿಲ್ಲ. ಕ್ರೇನ್ ಖರ್ಚು ನಿಮ್ಮ ಸಂಬಳದಿಂದ! ಪೈಪು ಒಡೆಯೋದನ್ನೂ ಬರೆದಿದ್ದೀರಿ, ಪಂಪೂ ನಿಮ್ಮದೇ!”

ಮನೆಗೆ ಹೋಗುವ ಧೈರ್ಯವಿಲ್ಲದೆ ಎಂಜಿನಿಯರ್ ಸಂಜೆ ಗುಂಡಿಯ ಅಂಚಿನಲ್ಲೇ ಕೂತು ಸೂಪರಿಂಟೆಂಡೆಂಟರಿಗೆ ಕೊನೆಯ ಫೋನ್ ಮಾಡಿದ.

“ಸಾರ್, ನನ್ನ ಸಂಬಳ ಹೋಗುತ್ತೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಇದಾದ್ರೂ ಅನಿರೀಕ್ಷಿತ ವೆಚ್ಚ ತಾನೇ?”

“ಅಪ್ಪಟ ಅನಿರೀಕ್ಷಿತ ಕಣ್ರೀ, ಅನುಮಾನವೇ ಇಲ್ಲ,” ಸೂಪರಿಂಟೆಂಡೆಂಟರ ದನಿಯಲ್ಲಿ ನಿಜವಾದ ಕನಿಕರವಿತ್ತು. “ಪಟ್ಟೀಲಿ ಇತ್ತೇನು?”