ಆಮೆಗೆ ಶಿಸ್ತು ಕಲಿಸಿದ್ದು

ಮೂವತ್ತಾರು ವರ್ಷಗಳ ನನ್ನ ಅಧ್ಯಾಪನದಲ್ಲಿ ತರಗತಿಯಿಂದ ಒಂದು ನರಪಿಳ್ಳೆಯೂ ತಪ್ಪಿಸಿಕೊಂಡು ಹೋದದ್ದಿಲ್ಲ. (ಹಾಗೆಂದು ನಾನು ನಂಬಿದ್ದೇನೆ. ಹಳೆಯ ವಿದ್ಯಾರ್ಥಿಗಳು ಸಿಕ್ಕಾಗ ಹೇಳುವ ಕಥೆಗಳೇ ಬೇರೆ.) ಇಂಥ ಘನವಾದ ಕೀರ್ತಿಯನ್ನು ನಿವೃತ್ತಿಯಾದ ಮೇಲೆ ಮಣ್ಣುಪಾಲು ಮಾಡಿದ್ದು ಒಂದು ಆಮೆ.

ಅದು ಮೊಮ್ಮಗಳ ಆಮೆ. ಮಗಳ ಮನೆಗೆ ಬಣ್ಣ ಹೊಡೆಯುತ್ತಿದ್ದುದರಿಂದ ಹತ್ತು ದಿನ ನಮ್ಮ ಹಿತ್ತಿಲಿನಲ್ಲಿರಲೆಂದು ಬಿಟ್ಟು ಹೋದರು. ಬೋರಲು ಹಾಕಿದ ಬಾಣಲೆಯ ಗಾತ್ರ. ಮುಖದಲ್ಲಿ ಶಾಲಾ ತನಿಖೆಗೆ ಬಂದ ಇನ್‌ಸ್ಪೆಕ್ಟರರ ಗಾಂಭೀರ್ಯ. ಹೊರಡುವಾಗ ಎಂಟು ವರ್ಷದ ಮೊಮ್ಮಗಳು ಬೆರಳು ತೋರಿಸಿ ಹೇಳಿದಳು: "ಅಜ್ಜ, ಇದಕ್ಕೇನಾದ್ರೂ ಆದ್ರೆ ನಾನು ನಿನ್ನ ಹತ್ರ ಮಾತೇ ಆಡಲ್ಲ. ಯಾವತ್ತೂ!"

ಎರಡನೆಯ ದಿನವೇ ಆಮೆ ಗೋಡೆಯ ಬುಡದಲ್ಲಿ ಅಗೆಯತೊಡಗಿತು. ಮುಂಗಾಲುಗಳಲ್ಲಿ ಕೆರೆಯುವುದು, ಹಿಂಗಾಲುಗಳಲ್ಲಿ ಮಣ್ಣನ್ನು ನನ್ನ ಪಂಚೆಯ ಮೇಲೆ ಎರಚುವುದು.

"ಸುರಂಗ ಕಣೇ! ಇವತ್ತು ಸುರಂಗ, ನಾಳೆ ಪರಾರಿ!" ಎಂದೆ.

"ಅದರ ಪಾಡಿಗೆ ಅದನ್ನ ಬಿಡಿ ಅಂದ್ರೆ. ಬಿಸಿಲಿಗೆ ತಂಪು ಮಾಡ್ಕೊತಿದೆ ಪಾಪ," ಎಂದಳು ಹೆಂಡತಿ.

"ಓಡಿ ಹೋದ್ರೆ ಯಾರೇ ಹೊಣೆ?"

"ಅದು ಓಡಿ ಹೋದ ಮೇಲೆ ನೀವು ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಎದ್ದು ಹೋದ್ರೂ ಗೇಟಿನ ಹತ್ರಾನೇ ಸಿಗತ್ತೆ."

ಶಿಸ್ತಿನ ವಿಷಯದಲ್ಲಿ ನಾನು ಹೆಂಡತಿಯ ಮಾತು ಕೇಳುವುದಿಲ್ಲ. (ಉಳಿದ ವಿಷಯಗಳಲ್ಲಿ ಕೇಳದೆ ಗತಿಯಿಲ್ಲ.) ದಿನವೂ ಮಧ್ಯಾಹ್ನ ಮೂರಕ್ಕೆ ಆಮೆ ಹುಲ್ಲು ಮೇಯುತ್ತಿರುವಾಗ, ಬೋರ್ಡು ಒರೆಸುವಷ್ಟು ನಿಷ್ಠೆಯಿಂದ ಬಿಲ ಮುಚ್ಚಿದೆ. ಕತ್ತಲಾಗುವಷ್ಟರಲ್ಲಿ ಅದು ಮತ್ತೆ ತೋಡಿರುತ್ತಿತ್ತು, ಒಂದು ಗೇಣು ಹೆಚ್ಚಿಗೆ. ಹೀಗೆ ಎಂಟು ದಿನ ನಮ್ಮಿಬ್ಬರ ಮಹಾಯುದ್ಧ ನಡೆಯಿತು.

ಹತ್ತನೆಯ ದಿನ ನಾನು ದಂತವೈದ್ಯರ ಬಳಿ ಹೋಗಬೇಕಿತ್ತು. ಹಾಗಾಗಿ ಬೆಳಿಗ್ಗೆ ಏಳಕ್ಕೇ ಕೆಲಸ ಮುಗಿಸಿದೆ. ನಾಲ್ಕು ಬುಟ್ಟಿ ಮಣ್ಣು, ಎರಡು ಇಟ್ಟಿಗೆ, ಮೇಲೊಂದು ಚಪ್ಪಡಿ ಕಲ್ಲು. ಅದರ ಮೇಲೆ ನಿಂತು ನಾಲ್ಕು ಸಲ ಕುಣಿದೂ ಬಿಟ್ಟೆ.

ಮಧ್ಯಾಹ್ನ ಹಿಂದಿರುಗಿದರೆ ಆಮೆ ಇಲ್ಲ! ಸಂಜೆ ನಾಲ್ಕಕ್ಕೆ ಮೊಮ್ಮಗಳು ಬರುವವಳು. ತೊಟ್ಟಿಯ ಹಿಂದೆ ನೋಡಿದೆ, ಗೋಣಿಚೀಲ ಕೊಡವಿದೆ, ಗಾಬರಿಯಲ್ಲಿ ನನ್ನ ಬೂಟಿನೊಳಗೂ ಇಣುಕಿದೆ. ಕೊನೆಗೆ ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡರನ್ನು ಗೋಡೆಯ ಮೇಲಿಂದ ಕೂಗಿದೆ.

"ಆಮೆ ನಿಮ್ಮ ಕಡೆ ಬಂತಾ?"

"ಇಲ್ವಲ್ಲ ಮೇಷ್ಟ್ರೇ."

"ಸರಿಯಾಗಿ ನೋಡಿ ಹೇಳಿ."

"ಅಂದ್ರೆ? ನಾನು ಬಚ್ಚಿಟ್ಟಿದೀನಿ ಅಂತಾನಾ?"

"ಹಾಗಂತ ನಾನೆಲ್ಲಿ ಅಂದೆ?"

"ಬಾಯಲ್ಲಿ ಅನ್ನಲಿಲ್ಲ, ಮುಖದಲ್ಲಿ ಅಂದ್ರಿ!" ಎಂದು ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಆಮೇನ ಹೇಗೆ ನೋಡ್ಕೋಬೇಕು ಅಂತ ಮಗು ಹೊರಡೋವಾಗ ಒಂದು ಕಾಗದ ಬರೆದು ಕೊಟ್ಟಿತ್ತಲ್ಲ, ಓದಿದ್ರಾ?"

"ಓದದೆ ಏನು? ತಿದ್ದಿ ಅಂಕಾನೂ ಹಾಕಿದೀನಿ. ಹತ್ತಕ್ಕೆ ಏಳು."

ಅವಳು ಮೇಜಿನ ಡ್ರಾಯರಿನಿಂದ ಕಾಗದ ತೆಗೆದು ಗಟ್ಟಿಯಾಗಿ ಓದಿದಳು: "'ಅದು ತೋಡಿದ ಬಿಲವನ್ನು ಯಾರೂ ಮುಚ್ಚಬಾರದು. ರಾತ್ರಿ ಅದರೊಳಗೇ ಮಲಗುತ್ತದೆ. ಬಿಸಿಲೇರಿದ ಮೇಲೆ ಹೊರಗೆ ಬರುತ್ತದೆ.' ಪಕ್ಕದಲ್ಲಿ ಕೆಂಪು ಶಾಯೀಲಿ ನೀವು ಬರೆದಿರೋದು: 'ಅಕ್ಷರ ಇನ್ನೂ ದುಂಡಗಾಗಬೇಕು.'"

ನನ್ನ ಕಾಲ ಕೆಳಗಿನ ನೆಲ ಕುಸಿಯಿತು. ಬೆಳಿಗ್ಗೆ ಏಳಕ್ಕೆ ನಾನು ಕುಣಿದದ್ದು ಆ ಮೂಕಪ್ರಾಣಿಯ ಸೂರಿನ ಮೇಲೆ!

ಕಲ್ಲು ಸರಿಸಿದೆವು, ಇಟ್ಟಿಗೆ ಕಿತ್ತೆವು, ಮಣ್ಣು ಬಗೆದೆವು. ಬಿಲದ ಬಾಯಿ ತೆರೆಯಿತು, ಆದರೆ ಅದು ಗೋಡೆಯ ಅಡಿಗೆ ಹೋಗಿತ್ತು, ನನ್ನ ತೋಳು ಸಾಲಲಿಲ್ಲ. ಆಚೆ ಕಡೆಯಿಂದ ಅಗೆಯಬೇಕು. ಆಚೆ ಕಡೆ ಗಾರ್ಡರು! ಹೋಗಿ ಬಾಗಿಲು ತಟ್ಟಿ, ಶಾಲೆಯಲ್ಲಿ ಹುಡುಗರಿಂದ ಹೇಳಿಸುತ್ತಿದ್ದ "ತಪ್ಪಾಯ್ತು" ಎಂಬ ಮಾತನ್ನು ಜೀವಮಾನದಲ್ಲಿ ಮೊದಲ ಸಲ ನಾನೇ ಹೇಳಿದೆ. ಅವರು ಹಸಿರು ನಿಶಾನೆ ತೋರಿಸಲು ಪೂರ್ತಿ ಎರಡು ನಿಮಿಷ ತೆಗೆದುಕೊಂಡರು. ಆಮೇಲೆ ತಾವೇ ಗುದ್ದಲಿ ತಂದು ಅಗೆದುಕೊಟ್ಟರು.

ಅವರ ಸೊಪ್ಪಿನ ಮಡಿಯ ಮೇಲೆ ಬೋರಲು ಮಲಗಿ, ರಂಧ್ರದೊಳಗೆ ಭುಜದವರೆಗೆ ಕೈ ತೂರಿಸಿದೆ. ಬೆರಳಿಗೆ ಚಿಪ್ಪು ತಗುಲಿತು. "ಫುಸ್" ಎಂದು ಒಂದು ಉಸಿರು! ಬದುಕಿದೆ! ಕಣ್ಣಲ್ಲಿ ನೀರು ಬಂತು ಎಂದರೆ ನಗಬೇಡಿ. ಮೆಲ್ಲಗೆ ನೂಕಿದೆ. ಅದು ಹಿಂದುಹಿಂದಕ್ಕೆ ಸರಿಯಿತು. "ಬಂತು ಕಣ್ರೀ, ಈಚೆ ಬಂತು!" ಎಂದು ಗೋಡೆಯಾಚೆಯಿಂದ ಹೆಂಡತಿ ಕೂಗಿದಳು.

ಆಮೆ ಹೊರಬಂತು, ನನ್ನ ಕೈ ಬರಲಿಲ್ಲ. ಮೊಣಕೈ ಯಾವುದೋ ಬೇರಿಗೆ ಸಿಕ್ಕಿಕೊಂಡಿತ್ತು. ಗಾರ್ಡರು ನನ್ನ ಕಾಲು ಹಿಡಿದು ಎಳೆಯುತ್ತಿರುವಾಗಲೇ ನಾಲ್ಕು ಗಂಟೆಯಾಯಿತು. ಆಮೆಯನ್ನು ಎದೆಗವಚಿಕೊಂಡು ಮೊಮ್ಮಗಳು ಬಂದು ನಿಂತಳು; ಹಿಂದೆ ಅವಳ ಅಜ್ಜಿ, ಎಲ್ಲ ಕಥೆಯನ್ನೂ ಒಪ್ಪಿಸಿದ ಸಮಾಧಾನದಲ್ಲಿ.

"ಪುಟ್ಟಿ..." ಎಂದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ. ಗಾರ್ಡರಿಗೆ ಹೇಳಿದಳು:

"ಅಂಕಲ್, ಎಳೀಬೇಡಿ. ಎಳೆದ್ರೆ ಹೆದರಿ ಇನ್ನೂ ಒಳಗೆ ಹೋಗತ್ತೆ. ಸುಮ್ನೆ ಬಿಟ್ರೆ ತಾನಾಗೇ ಹೊರಗೆ ಬರತ್ತೆ."

ಆಮೇಲೆ ಬಗ್ಗಿ, ಮಡಿಯಿಂದ ಸೊಪ್ಪಿನ ಒಂದು ಎಲೆ ಕಿತ್ತು, ನನ್ನ ಮೂಗಿನ ಮುಂದಿಟ್ಟು ಹೋದಳು.