ಎರಡು ಬಸ್ಸಿನ ನಡುವೆ ಒಂದು ಹಲ್ಲು

ಚಿತ್ತಾಪುರದಿಂದ ಚಿಂಚೋಳಿಗೆ ಹೊರಟವರು ಸೇಡಂನಲ್ಲಿ ಇಳಿದು ಮುಂದಿನ ಬಸ್ಸಿಗೆ ಕಾಯಬೇಕು. ಆ ಹೊತ್ತಿನಲ್ಲಿ ನಮ್ಮ ಜನ ಏನು ಮಾಡುತ್ತಾರೆ? ಗುಟ್ಕಾ ಚೀಟಿ ಹರಿದು ಬಾಯಿಗೆ ಸುರಿದುಕೊಂಡು ಬಸ್‌ಸ್ಟ್ಯಾಂಡಿನ ಗೋಡೆಗೆ ಬಣ್ಣ ಹೊಡೆಯುತ್ತಾರೆ. ಆ ದಂಡಪಿಂಡಗಳ ಸಾಲಿಗೆ ಸೇರಿದವನಲ್ಲ ನಾನು. ಸಿಕ್ಕ ಸಮಯವನ್ನು ಸದುಪಯೋಗ ಮಾಡಿಕೊಂಡೆ. ಹಲ್ಲು ಕೀಳಿಸಿದೆ!

ನಾನೂ ಹೆಂಡತಿಯೂ ಹೊರಟಿದ್ದು ದೊಡ್ಡ ಮಗಳ ಸಂಬಂಧದ ಕೊನೆಯ ಮಾತುಕತೆಗೆ. ಹುಡುಗ ಕೃಷಿ ಇಲಾಖೆಯಲ್ಲಿದ್ದಾನೆ, ಮಗಳಿಗೂ ಮನಸ್ಸಿತ್ತು. ಹುಡುಗನ ತಂದೆ ನಿವೃತ್ತ ಹೆಡ್‌ಮಾಸ್ತರರು, ಹಣೆ ತುಂಬ ವಿಭೂತಿ. ಅವರದು ಒಂದೇ ಷರತ್ತು: ಬೀಗರ ಮನೆಯಲ್ಲಿ ಯಾರಿಗೂ ಯಾವ ಚಟವೂ ಇರಬಾರದು. ಚಟವೇ? ನಮ್ಮಲ್ಲೇ? ಗುಟ್ಕಾ ತಿನ್ನುವ ಅನಾಗರಿಕರ ಬಗ್ಗೆ ಅವರಿಗೆ ಫೋನಿನಲ್ಲೇ ಒಂದು ಭಾಷಣ ಬಿಗಿದಿದ್ದೆ.

ಆದರೆ ಎಡದವಡೆಯ ಹಲ್ಲೊಂದು ವಾರದಿಂದ ಕಾಡುತ್ತಿತ್ತು. ಇಂಥ ದಿನ ನನ್ನ ಮಾತಿಗೇ ಅಡ್ಡ ಬಂದರೆ? ಸದರಿ ಹಲ್ಲನ್ನು ತಕ್ಷಣದಿಂದ ಜಾರಿಗೆ ಬರುವಂತೆ ಸೇವೆಯಿಂದ ವಜಾ ಮಾಡಲು ತೀರ್ಮಾನಿಸಿದೆ. ಎದುರಿಗೇ ಹಲ್ಲಿನ ದವಾಖಾನೆ ಕಂಡಿತು.

“ರೀ, ನಿಮಗ ತಲಿ ಕೆಟ್ಟದೇನು? ನಾಳಿ ಕೀಳಿಸ್ರಿ,” ಎಂದಳು ಹೆಂಡತಿ.

“ಹಲ್ಲ ಕೀಳೋದಂದ್ರ ಮೂಲಂಗಿ ಕಿತ್ತಂಗ. ನೀ ಸುಮ್ನ ಕೂಡು,” ಎಂದೆ.

ಡಾಕ್ಟರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಚುಚ್ಚಿದರು, ಕಿತ್ತರು, ಹತ್ತಿ ಇಟ್ಟರು. “ಇದನ್ನ ಗಟ್ಟಿ ಕಚ್ಚಿ ಹಿಡೀರಿ ಸರ್. ಮಾತಾಡಬ್ಯಾಡ್ರಿ, ಉಗುಳಬ್ಯಾಡ್ರಿ.”

ಮಾತಾಡಬಾರದಂತೆ! ನಾನು ನಿರೂಪಣೆ ಮಾಡದೆ ನಮ್ಮ ಕಚೇರಿಯ ಯಾವ ಸಮಾರಂಭದಲ್ಲೂ ದೀಪ ಹತ್ತುವುದಿಲ್ಲ. ಚಿಂಚೋಳಿ ಬಸ್ಸು ಹತ್ತಿದವನೇ ಪಕ್ಕದ ಸೀಟಿನವನಿಗೆ ಇಂದಿನ ದಂತವೈದ್ಯರ ಅಜ್ಞಾನವನ್ನು ಸವಿಸ್ತಾರವಾಗಿ ವಿವರಿಸಿದೆ. ಹತ್ತಿ ಜರುಗಿತು. ಬಾಯಿ ತುಂಬಿತು. ಕಿಟಕಿಯಿಂದ ತಲೆ ಹೊರಹಾಕಿ ನಾನೂ ಉಗುಳಿದೆ. ಕೆಂಪಗೆ!

ಬೀಗರ ಬಾಗಿಲಲ್ಲಿ ಹೆಡ್‌ಮಾಸ್ತರರು ಕೈಮುಗಿದು ನಿಂತಿದ್ದರು. ನಾನು ‘ಶರಣು ಶರಣಾರ್ಥಿ’ ಎಂದೆ. ಮರಗಟ್ಟಿದ ತುಟಿಯಿಂದ ಹೊರಬಿದ್ದದ್ದು ‘ಶವು ಶವಾಥಿ’. ಅದರ ಹಿಂದೆಯೇ ಕೆಂಪು ಹತ್ತಿ ಜಾರಿ ಹೊಸ್ತಿಲ ಮೇಲೆ ಬಿತ್ತು. ಬಾಯಿಂದ ಇಳಿದ ಕೆಂಪು ನೀರು ಬಿಳಿ ಅಂಗಿಗೆ ಹರಿಯಿತು.

ಬಾಯಿ ಕೆಂಪು, ಮಾತು ತೊದಲು. ಎರಡು ಚಟ ಒಟ್ಟಿಗೆ ರುಜುವಾತಾದವು!

“ಹಗಲೇ ಹಾಕ್ಕೊಂಡು ಬಂದೀರೇನ್ರಿ?” ಹೆಡ್‌ಮಾಸ್ತರರ ಮುಗಿದ ಕೈ ಕೆಳಗಿಳಿಯಿತು.

“ಅಯ್ಯ, ಇಲ್ರೀ! ಸೇಡಂದಾಗ ಹಲ್ಲ ಕೀಳಿಸ್ಕೊಂಡು ಬಂದಾರ್ರಿ!” ಹೆಂಡತಿ ಸೆರಗಿನಿಂದ ನನ್ನ ಬಾಯಿ ಒರೆಸಿದಳು.

“ಮಗಳ ಲಗ್ನದ ಮಾತಿಗಿ ಹೊಂಟ ಮನುಷ್ಯಾ ದಾರ್ಯಾಗ ಹಲ್ಲ ಕೀಳಿಸ್ತಾನೇನ್ ತಂಗೀ? ಯಾರಿಗಿ ಹೇಳ್ತಿ?”

ನ್ಯಾಯವಾದ ಪ್ರಶ್ನೆ. ಅಂಥ ದಡ್ಡ ಭೂಮಿಯ ಮೇಲೆ ಇರಲಾರ ಎಂದು ಅವರು ನಂಬಿದ್ದರು. ನನ್ನ ಪರಿಚಯ ಅವರಿಗೆ ಇನ್ನೂ ಆಗಿರಲಿಲ್ಲ. ಮಗಳಿಗೆ ಹೋಗಿ ಏನು ಹೇಳಲಿ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಷ್ಟರಲ್ಲಿ ಹುಡುಗನ ಅಜ್ಜಿ ಒಳಗಿನಿಂದ ಮೊಬೈಲಿನ ಟಾರ್ಚ್ ಹಚ್ಚಿಕೊಂಡು ಬಂದಳು. “ಬಾಯಿ ತೆಗಿ ಯಪ್ಪಾ, ನೋಡೇ ಬಿಡ್ತೀನಿ.” ದನದ ಸಂತೆಗೆ ಬಂದ ಎತ್ತಿನ ಹಾಗೆ ಅಂಗಳದಲ್ಲಿ ಬಾಯಿ ತೆರೆದು ನಿಂತೆ. ಅಜ್ಜಿ ಇಣುಕಿದಳು. ಮೂಸಿಯೂ ನೋಡಿದಳು!

“ಖರೇ ಅದ. ಭಾಳ ದೊಡ್ಡ ತಗ್ಗು ಬಿದ್ದದ,” ಎಂದು ತೀರ್ಪು ಕೊಟ್ಟಳು. ನಂಬದ ಇಬ್ಬರು ನೆರೆಯವರೂ ಬಂದು ಖಾತ್ರಿ ಮಾಡಿಕೊಂಡು ಹೋದರು.

ಆಮೇಲೆ ನನ್ನನ್ನು ಮೂಲೆಯಲ್ಲಿ ಕೂರಿಸಿ ಬಾಯಿಗೆ ಹೊಸ ಹತ್ತಿ ತುರುಕಿದರು. ಮಾತೆಲ್ಲ ಹೆಂಡತಿಯೇ ಆಡಿದಳು. ಚಹಾ ಆರುವ ಮೊದಲೇ ಸಂಬಂಧ ಕೂಡಿತು.

ಮರಳುವ ಬಸ್ಸಿನಲ್ಲಿ ನಾಲಿಗೆಯ ಜೋಮು ಸ್ವಲ್ಪ ಇಳಿದಿತ್ತು. “ಅಂತೂ ಕೂಡ್ತು ನೋಡು,” ಎಂದೆ ಹೆಮ್ಮೆಯಿಂದ.

“ಮೊದಲಿನ ಎರಡು ಸಂಬಂಧ ಯಾಕ ಮುರದ್ವು ಗೊತ್ತದೇನ್ರಿ? ಅಲ್ಲಿ ನೀವು ಮಾತಾಡಿದ್ರಿ. ಈ ಹಲ್ಲ ಆವಾಗೇ ಕೀಳಿಸಿದ್ರ, ಇಷ್ಟೊತ್ತಿಗಿ ಮೊಮ್ಮಗನ್ನ ಆಡಸ್ತಿದ್ವಿ,” ಎಂದಳು.

ಈಗ ಚಿಕ್ಕ ಮಗಳಿಗೆ ವರ ನೋಡುತ್ತಿದ್ದೇವೆ. ನನ್ನ ಉಳಿದ ಹಲ್ಲುಗಳೆಲ್ಲ ಗಟ್ಟಿಯಾಗಿವೆ. ಹೆಂಡತಿಗೆ ಅದೇ ಚಿಂತೆ.